ಮಂಡಿಚಿಪ್ಪು ಎರಡನೇ ಸಲ ಜಾರಿದ್ಮೇಲೆ ನಾನು ಏನೇನ್ ಮಾಡ್ದೆ

ಮಂಡಿಚಿಪ್ಪು ಒಂದ್ಸಲ ಜಾರಿ ತಾನಾಗೇ ವಾಪಸ್ ಕೂತ್ಕೊಂಡ್ರೆ ನಮ್ ಕಡೆ ಅದನ್ನ ಯಾರೂ ದೊಡ್ಡ ವಿಷ್ಯ ಮಾಡಲ್ಲ. ಉಳುಕಿರ್ಬೇಕು ಅಂತಾರೆ, ಎಣ್ಣೆ ಕಾಯ್ಸಿ ನೀವ್ತಾರೆ, ಊತ ಇಳಿದ ತಕ್ಷಣ ನೀಕ್ಯಾಪ್ ಹಾಕ್ಕೊಂಡು ಮತ್ತೆ ಕೋರ್ಟಿಗೆ. ನಾನು ಮೈಸೂರಲ್ಲಿ ಒಂದು ಕ್ಲಬ್ ಟೀಮಲ್ಲಿ ಖೋ ಖೋ ಆಡ್ತೀನಿ, ಹಗಲೊತ್ತು ಆಫೀಸ್ ಕೆಲ್ಸ, ಸಂಜೆ ಪ್ರಾಕ್ಟೀಸ್. 2025ರ ಜನವರಿಲಿ ದೆಹಲಿಲಿ ಮೊದಲ ಖೋ ಖೋ ವರ್ಲ್ಡ್ ಕಪ್ ನಡೆದು ನಮ್ಮ ಗಂಡಸರ ಟೀಮು ಹೆಂಗಸರ ಟೀಮು ಎರಡೂ ಗೆದ್ದ್ಮೇಲಂತೂ ಸಣ್ಣ ಸಣ್ಣ ಹುಡುಗೀರು ಜಾಸ್ತಿ ಬರ್ತಿದಾರೆ, ಅವರಲ್ಲಿ ಒಬ್ಳು "ಅಕ್ಕಾ ನನ್ ಮಂಡಿ ಆಗಾಗ ಬಿಟ್ಟಂಗಾಗತ್ತೆ" ಅಂದ್ಲು, ಅದಕ್ಕೇ ಬರೀತಿದೀನಿ.

ಮೊದಲ ಸಲ ಆಗಿದ್ದು ಕಾಲೇಜಲ್ಲಿದ್ದಾಗ. ಆಗ ಡಾಕ್ಟ್ರು ಎಕ್ಸ್‌ರೇ ತೆಗ್ಸಿ ಬ್ರೇಸ್ ಹಾಕಿ ಫಿಸಿಯೋ ಮಾಡ್ಸಿದ್ರು, ಮೂಳೆದೋ ಕಾರ್ಟಿಲೇಜ್‌ದೋ (ಮೂಳೆ ತುದಿ ಮೇಲಿರೋ ನುಣುಪು ಪದರ) ಚೂರು ಕಿತ್ತು ಬಂದಿಲ್ಲ ಅಂದ್ರೆ ಮೊದಲ್ನೇ ಸಲಕ್ಕೆ ಸಾಮಾನ್ಯವಾಗಿ ಅಷ್ಟೇ ಮಾಡೋದು. ಎರಡನೇದು ಕ್ಲಬ್ ಪ್ರಾಕ್ಟೀಸಲ್ಲಿ. ಕಂಬದ ಹತ್ರ ರನ್ನರ್ ಡಾಡ್ಜ್ ಕೊಟ್ಳು, ನನ್ ಪಾದ ಮ್ಯಾಟ್ ಮೇಲೆ ಗಟ್ಟಿಯಾಗಿ ಹಿಡ್ಕೊಂಡಿತ್ತು, ಮಂಡಿ ಸ್ವಲ್ಪ ಮಡಚಿತ್ತು, ಮೈ ಮಾತ್ರ ತಿರುಗ್ತು. ಕಟಕ್ ಅಂತ ಸೌಂಡು. ಕೆಳಗೆ ನೋಡಿದ್ರೆ ಮಂಡಿ ಮಧ್ಯದಲ್ಲಿ ಹಳ್ಳ, ಹೊರಗಿನ ಸೈಡಲ್ಲಿ ಗಡ್ಡೆ. ಚಿಪ್ಪು ಹತ್ತಿರತ್ತಿರ ಯಾವಾಗ್ಲೂ ಹೊರಗಡೆಗೇ ಜಾರೋದು. ಯಾರಿಗೂ ಎಳಿಯಕ್ಕೆ ಬಿಡ್ಲಿಲ್ಲ, ಎದ್ದು ಕೂತು ಸೊಂಟ ಬಗ್ಗಿಸ್ಕೊಂಡು ಹಿಮ್ಮಡಿ ಕೆಳಗೆ ಒಬ್ಳ ಕೈ ಕೊಟ್ಟು ನಿಧಾನಕ್ಕೆ ಕಾಲು ನೀಟಾಗಿ ಚಾಚ್ದೆ, ಚಾಚ್ತಾ ಚಾಚ್ತಾ ಅದೇ ಒಳಗೆ ಹೋಯ್ತು. ಹಾಗೆ ಹೋಗ್ಲಿಲ್ಲ ಅಂದ್ರೆ ಗ್ರೌಂಡಲ್ಲಿ ಬಲ ಪ್ರಯೋಗ ಮಾಡ್ಬೇಡಿ, ಹೆಂಗಿದೆಯೋ ಹಂಗೇ ದಿಂಬು ಕೊಟ್ಟು ಕ್ಯಾಶುವಾಲಿಟಿಗೆ ಕರ್ಕೊಂಡ್ ಹೋಗಿ.

ಮನೇಲಿ ಶುರುವಾಯ್ತು. ಅಪ್ಪನ ಫ್ರೆಂಡು ಪುತ್ತೂರು ಕಟ್ಟು ಹಾಕ್ಸಿ ಅಂದ್ರು, ದೊಡ್ಡಮ್ಮ "ಮದ್ವೆ ಆಗೋ ಹುಡುಗಿ, ಮಂಡಿ ಕುಯ್ಸ್ಬೇಡಿ" ಅಂದ್ರು. ನಾನು ಅಪ್ಪಂಗೆ ಕೂರ್ಸಿ ಹೇಳ್ದೆ, ಅಪ್ಪಾ ಮೂಳೆ ಮುರಿದಿಲ್ಲ, ಚಿಪ್ಪನ್ನ ಒಳಗಡೆಗೆ ಹಿಡ್ಕೊಂಡಿರೋ ಎಂಪಿಎಫ್ಎಲ್ ಅನ್ನೋ ಲಿಗಮೆಂಟ್, ಅಂದ್ರೆ ಮೂಳೆಗೆ ಮೂಳೆ ಬಿಗಿಯೋ ನಾರು, ಮೊದಲ್ನೇ ಸಲಾನೇ ಹರಿದಿರುತ್ತೆ, ಅದು ಸಡಿಲವಾಗಿ ಕೂಡ್ಕೊಂಡಿದ್ರೆ ಮೇಲಿಂದ ಎಷ್ಟು ಕಟ್ಟು ಹಾಕಿದ್ರೂ ಬಿಗಿ ಆಗಲ್ಲ, ಅದಕ್ಕಿಂತ ಹೆಚ್ಚಾಗಿ ಪ್ರತೀ ಸಲ ಜಾರಿ ವಾಪಸ್ ಬರುವಾಗ ಚಿಪ್ಪಿನ ಹಿಂಭಾಗ ಮೂಳೆಗೆ ಉಜ್ಜಿ ಕಾರ್ಟಿಲೇಜ್ ಕೆತ್ತಿ ಹೋಗುತ್ತೆ, ಅದು ಮತ್ತೆ ಬೆಳಿಯಲ್ಲ, ಮುಂದೆ ಮಂಡಿ ಸವೆತ ಅಂತ ಬರೋದು ಅಲ್ಲಿಂದ್ಲೇ. ಅಪ್ಪ ಜಾಸ್ತಿ ಮಾತಾಡ್ಲಿಲ್ಲ, "ಸರಿ, ಯಾವ್ ಡಾಕ್ಟ್ರು ನೋಡು" ಅಂದ್ರು.

ಅದೇ ವಾರ ಹೋದೆ. ಮಂಡಿ ಮತ್ತು ಸ್ಪೋರ್ಟ್ಸ್ ಇಂಜುರಿ ನೋಡೋ ಆರ್ಥೋನೇ ಹುಡುಕ್ಕೊಂಡು ಹೋದೆ, ಇದು ಮುಖ್ಯ. ಊತ ಇಳಿದ್ಮೇಲೆ ಅವ್ರು ಕಾಲು ಸ್ವಲ್ಪ ಮಡಚಿಸಿ ಹೆಬ್ಬೆಟ್ಟಲ್ಲಿ ಚಿಪ್ಪನ್ನ ಹೊರಗಡೆಗೆ ಮೆಲ್ಲಗೆ ತಳ್ಳಿದ್ರು, ನೋವೇ ಇರ್ಲಿಲ್ಲ, ಆದ್ರೂ ನನ್ ಕೈ ತಾನಾಗೇ ಹೋಗಿ ಡಾಕ್ಟ್ರ ಕೈ ಹಿಡ್ಕೊಂಡ್ಬಿಡ್ತು. "ಇದೇ ಟೆಸ್ಟು" ಅಂದ್ರು. ಮತ್ತೆ ಜಾರುತ್ತೆ ಅನ್ನೋ ಭಯ ಬಂತು ಅಂದ್ರೆ ಚಿಪ್ಪು ಸ್ಟೇಬಲ್ ಇಲ್ಲ ಅಂತ ಲೆಕ್ಕ.

ಆಮೇಲೆ ಸ್ಕ್ಯಾನಿಂಗ್. ಎಕ್ಸ್‌ರೇಲಿ ಸ್ಕೈಲೈನ್ ವ್ಯೂ ಅಂತ ಮಂಡಿ ಮಡಚಿ ತೆಗಿಯೋದು ಒಂದಿದೆ, ಅದೂ ಬೇಕು, ಜೊತೆಗೆ ಎಂಆರ್‌ಐ. ಇಲ್ಲಿ ನೋಡೋದು ಬರೀ ಏನ್ ಹರಿದಿದೆ ಅಂತಲ್ಲ, ಯಾಕೆ ಜಾರ್ತಿದೆ ಅಂತ. ತೊಡೆಮೂಳೆ ತುದೀಲಿ ಚಿಪ್ಪು ಓಡಾಡೋಕೆ ಒಂದು ಕಾಲುವೆ ಇರುತ್ತೆ, ಕೆಲವರಿಗೆ ಹುಟ್ಟಿಂದ್ಲೇ ಅದು ಆಳ ಇರಲ್ಲ, ಕೆಲವರಿಗೆ ಚಿಪ್ಪೇ ಮಾಮೂಲಿಗಿಂತ ಮೇಲಿರುತ್ತೆ, ಇನ್ ಕೆಲವರಿಗೆ ಚಿಪ್ಪಿನ ಕೆಳಗಿನ ಟೆಂಡನ್ (ಸ್ನಾಯುನ ಮೂಳೆಗೆ ಕಟ್ಟೋ ನಾರು) ಕಾಲಿನ ಮೂಳೆಗೆ ಅಂಟ್ಕೊಂಡಿರೋ ಗುಬುಟು ಹೊರಗಡೆಗೆ ಸರಿದಿರುತ್ತೆ. ಕಾಲುವೆಯಿಂದ ಆ ಗುಬುಟು ಎಷ್ಟು ಹೊರಗಿದೆ ಅನ್ನೋ ದೂರಕ್ಕೆ ಟಿಟಿ-ಟಿಜಿ ಅಂತಾರೆ, 20 ಮಿಲಿಮೀಟರ್ ದಾಟಿದ್ರೆ ಬರೀ ಲಿಗಮೆಂಟ್ ಸರಿ ಮಾಡಿದ್ರೆ ಸಾಲ್ದೇ ಆ ಮೂಳೆ ಗುಬುಟನ್ನೂ ಕತ್ತರಿಸಿ ಒಳಗಡೆಗೆ ಸರಿಸಿ ಸ್ಕ್ರೂ ಹಾಕೋದನ್ನ ಯೋಚ್ನೆ ಮಾಡ್ತಾರೆ. ನಂಗೆ ಅದು ನಾರ್ಮಲ್ ಒಳಗೇ ಇತ್ತು, ಕಾಲುವೆ ಆಳ ಸ್ವಲ್ಪ ಕಮ್ಮಿ, ಲಿಗಮೆಂಟ್ ಹೋಗಿತ್ತು, ಕಾರ್ಟಿಲೇಜ್ ಗೀಚಿತ್ತು ಆದ್ರೆ ತುಂಡಾಗಿ ಒಳಗೆ ತೇಲ್ತಿರ್ಲಿಲ್ಲ. ರಿಪೋರ್ಟ್ ತಗೊಂಡ್ಮೇಲೆ ಈ ಒಂದೊಂದನ್ನೂ ಡಾಕ್ಟ್ರತ್ರ ಕೇಳಿ ಬರೆಸ್ಕೊಳಿ.

ಎರಡು ಸಲ ಆದೋರಿಗೆ ಮೂರನೇದು ಆಗೋ ಚಾನ್ಸು ಹತ್ತಿರತ್ತಿರ ಅರ್ಧಕ್ಕರ್ಧ ಅಂದ್ರು, ಅದೂ ಅಲ್ದೆ ನಾನು ಆಟ ಬಿಡಲ್ಲ. ಆಪರೇಷನ್‌ಗೆ ಒಪ್ಪಿದೆ. ಅದೇ ಕಾಲಿನ ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್‌ನಿಂದ ಒಂದು ಟೆಂಡನ್ ತೆಗ್ದು ಹೊಸ ಲಿಗಮೆಂಟ್ ಮಾಡಿ ಕೂರಿಸ್ತಾರೆ. ಬೆಳಿಯೋ ಮಕ್ಕಳಿಗೆ ಬೇರೆ ಥರ ಪ್ಲ್ಯಾನ್ ಮಾಡ್ತಾರೆ ಯಾಕಂದ್ರೆ ಮೂಳೆ ಬೆಳವಣಿಗೆಯ ಗೆರೆಗೆ ಏಟಾಗ್ಬಾರ್ದು, ಅದಕ್ಕೇ ಆ ಹುಡುಗಿಯ ಅಮ್ಮನಿಗೆ ಮಕ್ಕಳ ಮಂಡಿ ಆಪರೇಷನ್ ಮಾಡಿ ಗೊತ್ತಿರೋರ್ನೇ ತೋರ್ಸಿ ಅಂತ ಹೇಳಿದೀನಿ. ದುಡ್ಡಿನ ವಿಷ್ಯ, ಇನ್ಶೂರೆನ್ಸಲ್ಲಿ ಅಡ್ಮಿಟ್ ಆದ ಖರ್ಚು ಬಂತು, ಫಿಸಿಯೋದು ಬರ್ಲಿಲ್ಲ. ತಿಂಗಳುಗಟ್ಲೆ ಹೋಗ್ಬೇಕಾಗಿರೋದು ಅಲ್ಲಿಗೇ, ಆ ದುಡ್ಡು ಮೊದ್ಲೇ ಎತ್ತಿಡಿ.

ಯಾಕಂದ್ರೆ ನಿಜವಾದ ಕೆಲ್ಸ ಫಿಸಿಯೋನೇ. ಆಪರೇಷನ್ ಆದ ಹೊಸದ್ರಲ್ಲಿ ತೊಡೆ ಸ್ನಾಯು ನನ್ ಮಾತೇ ಕೇಳ್ತಿರ್ಲಿಲ್ಲ, ಮಂಡಿ ಕೆಳಗೆ ಟವಲ್ ಸುತ್ತಿಟ್ಟು ಅದನ್ನ ಒತ್ತು ಅಂತಾರೆ, ನಾನು ಒತ್ತುತ್ತಾನೇ ಇದೀನಿ ಅನ್ಕೊಂಡಿದೀನಿ, ತೊಡೆ ಅಲ್ಲಾಡ್ತಿಲ್ಲ. ಮಂಡಿ ಒಳಬದಿಗೆ ಇರೋ ಆ ಸಣ್ಣ ಸ್ನಾಯು ಒಂದ್ಸಲ ಪಟ್ ಅಂತ ಎದ್ದಿದ್ದು ನೋಡಿ ಅಮ್ಮನ್ನ ಕೂಗಿ ಕರ್ದೆ. ಆಮೇಲೆ ಕಾಲು ನೇರ ಎತ್ತೋದು, ಸೊಂಟದ ಸೈಡಿನ ಸ್ನಾಯುಗೆ ಅಂತ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ ನಡಿಯೋದು, ಕನ್ನಡಿ ಮುಂದೆ ಮೆಟ್ಲಿಂದ ಒಂದೇ ಕಾಲಲ್ಲಿ ಇಳಿಯೋದು. ಇಳಿವಾಗ ಮಂಡಿ ಒಳಗಡೆಗೆ ವಾಲ್ತಿದ್ರೆ ಫಿಸಿಯೋ ಮೇಡಂ ನಿಲ್ಸಿ ಮತ್ತೆ ಮಾಡಿಸ್ತಿದ್ರು, ಎಷ್ಟೇ ಬೇಜಾರಾದ್ರೂ ಬಿಡ್ತಿರ್ಲಿಲ್ಲ. ವಾಪಸ್ ಆಟಕ್ಕೆ ಸಾಮಾನ್ಯವಾಗಿ 6ರಿಂದ 9 ತಿಂಗಳು, ಆದ್ರೆ ಅವ್ರು ಕ್ಯಾಲೆಂಡರ್ ನೋಡಿ ಬಿಡ್ಲಿಲ್ಲ, ಒಂಟಿ ಕಾಲಲ್ಲಿ ಕುಪ್ಪಳಿಸೋ ದೂರ ಇನ್ನೊಂದು ಕಾಲಿನ 90 ಪರ್ಸೆಂಟ್ ಬಂದ್ಮೇಲೆ, ಡೈರೆಕ್ಷನ್ ಬದಲಿಸೋವಾಗ ಭಯ ಹೋದ್ಮೇಲೆ, ಆಗ ಕಂಬದ ಹತ್ರ ತಿರುಗಕ್ಕೆ ಬಿಟ್ರು.

ಡಾಕ್ಟ್ರತ್ರ ಹೋಗೋರು ಇಷ್ಟು ರೆಡಿ ಇಟ್ಕೊಳಿ. ಎಷ್ಟ್ ಸಲ ಜಾರಿದೆ, ತಾನಾಗೇ ಕೂತ್ಕೊಳ್ತಾ ಯಾರಾದ್ರೂ ಕೂರಿಸಿದ್ರಾ, ಮಂಡಿ ಎಷ್ಟೊತ್ತಿಗೆ ಊದ್ತು, ಒಂದೆರಡು ಗಂಟೆ ಒಳಗೇ ಊದಿದ್ರೆ ಒಳಗೆ ರಕ್ತ ತುಂಬಿರ್ಬೋದು, ಅದನ್ನ ಹೇಳ್ಲೇಬೇಕು. ಮನೇಲಿ ಇನ್ಯಾರಿಗಾದ್ರೂ ಹೀಗಾಗಿದ್ಯಾ, ಕೈ ಬೆರಳು ಮೊಣಕೈ ಹಿಂದಕ್ಕೆ ಜಾಸ್ತಿ ಬಾಗುತ್ತಾ. ಯಾರಾದ್ರೂ ಮ್ಯಾಚ್ ವಿಡಿಯೋ ಮಾಡಿದ್ರೆ ಅದನ್ನೂ ತಗೊಂಡ್ ಹೋಗಿ, ನನ್ ಟೀಮ್‌ಮೇಟ್ ಫೋನಲ್ಲಿದ್ದ ಕ್ಲಿಪ್ಪನ್ನ ಡಾಕ್ಟ್ರು ನಿಲ್ಸಿ ನಿಲ್ಸಿ ನೋಡಿದ್ರು.