ಗೊಂಬೆ ಹಬ್ಬಕ್ಕೆ ನೀರು ನಿಂತ ನಾಟಿ ಗದ್ದೆ ಮಾಡಿದ್ದು: ನನ್ನ ಅನುಭವ

ಹೋದ ದಸರಾದಲ್ಲಿ ನಮ್ಮ ಮನೆಯ ಗೊಂಬೆ ನೋಡಲು ಬಂದವರಲ್ಲಿ ಮೂರು ಜನ ನನ್ನ ನಾಟಿ ಗದ್ದೆಗೆ ಬೆರಳು ಅದ್ದಲು ಹೋದರು. ಬೆರಳು ಟಕ್ ಅಂತ ತಾಗಿತು. ಅದು ನೀರಲ್ಲ, ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ರೆಸಿನ್. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಈ ಗದ್ದೆಗೆ ನನಗೆ ನಾಲ್ಕು ವರ್ಷ ಹಿಡಿಯಿತು. ಕೆಟ್ಟು ಹೋಗಿದ್ದೆಲ್ಲ ಸೇರಿ ಕೈಯಿಂದ ಹದಿನಾಲ್ಕು ಸಾವಿರದ ಹತ್ತಿರ ಹೋಗಿದೆ. "ಸುಮ್ನೆ ರಾಗಿ ಮೊಳಕೆ ಹಾಕೋದು ಬಿಟ್ಟು ನಿನಗ್ಯಾಕಮ್ಮಾ ಇದೆಲ್ಲ" ಅಂತ ನಮ್ಮತ್ತೆ ಮೂರು ವರ್ಷ ಅಂದರು. ಈ ಸಲ ಬಂದವರಿಗೆಲ್ಲ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದು ಅವರೇ.

ರಾಗಿ ಪೈರು ನಾನೂ ಹತ್ತು ವರ್ಷ ಹಾಕಿದ್ದೇನೆ. ಪಾಡ್ಯದ ದಿನ ಅದರಷ್ಟು ಚೆಂದ ಯಾವುದೂ ಇಲ್ಲ. ಪಂಚಮಿ, ಷಷ್ಠಿ ಹೊತ್ತಿಗೆ ವಾಲುತ್ತದೆ, ಬುಡದಲ್ಲಿ ಬೂಷ್ಟು ಬರುತ್ತದೆ, ವಿಜಯದಶಮಿಗೆ ಹುಳಿ ವಾಸನೆ. ಜೊತೆಗೆ ಅಳತೆಯ ತೊಂದರೆ. ನಾನು ಕೆಲಸ ಮಾಡುವುದು ಅರ್ಧ ಇಂಚಿಗೆ ಒಂದು ಅಡಿ ಲೆಕ್ಕದಲ್ಲಿ. ಅಂದರೆ ನಿಜದ 24ರಲ್ಲಿ ಒಂದು ಪಾಲು. ಎರಡು ಇಂಚು ಬೆಳೆದ ರಾಗಿ ಪೈರು ಅಲ್ಲಿ ನಾಲ್ಕು ಅಡಿ ಆಗುತ್ತದೆ. ಎರಡೂಮುಕ್ಕಾಲು ಇಂಚಿನ ರೈತ ಅದರಲ್ಲಿ ಎದೆವರೆಗೆ ಮುಳುಗಿ ನಿಂತಿರುತ್ತಾನೆ. ನನಗೆ ಬೇಕಾಗಿದ್ದು ಮದ್ದೂರು ಕಡೆ ಜುಲೈ, ಆಗಸ್ಟಿನಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಕಾಣುವ ಗದ್ದೆ. ಅರ್ಧ ನಾಟಿ ಆಗಿರಬೇಕು, ಇನ್ನರ್ಧ ಬರೀ ಕೆಸರು, ಮೇಲೆ ಆಕಾಶ ಕಾಣುವಷ್ಟು ತೆಳು ನೀರು.

ಮೊದಲ ವರ್ಷ ತಳಕ್ಕೆ ಥರ್ಮಾಕೋಲ್ ಇಟ್ಟು, ಫೈಬರ್ ಕೆಲಸದವರು ಬಳಸುವ ರೆಸಿನ್ ತಂದು ಸುರಿದೆ. ಅದು ಅಗ್ಗ, ಲೀಟರಿಗೆ ಮುನ್ನೂರೋ ಮುನ್ನೂರೈವತ್ತೋ ಇತ್ತು. ಸುರಿದು ಕಾಫಿ ಕುಡಿದು ಬರುವಷ್ಟರಲ್ಲಿ ಥರ್ಮಾಕೋಲ್ ಕರಗಿ ಗುಂಡಿ ಬಿದ್ದಿತ್ತು. ಈ ಪಾಲಿಯೆಸ್ಟರ್ ರೆಸಿನ್ ಥರ್ಮಾಕೋಲನ್ನು ತಿಂದುಬಿಡುತ್ತದೆ. ನಿಮ್ಮಲ್ಲಿ ಗೊತ್ತಿದ್ದವರಿಗೆ ಗೊತ್ತು, ನನಗೆ ಅವತ್ತು ಗೊತ್ತಿರಲಿಲ್ಲ. ಮನೆಯೆಲ್ಲ ವಾಸನೆ, ಎರಡು ದಿನ ಕಿಟಕಿ ಮುಚ್ಚಲಾಗಲಿಲ್ಲ.

ಎರಡನೇ ವರ್ಷ ಎಪಾಕ್ಸಿ ಅನ್ನೋ ಇನ್ನೊಂದು ಬಗೆಯ ರೆಸಿನ್‌ಗೆ ಹೋದೆ. ಕಿಲೋಗೆ ಒಂಬೈನೂರರ ಆಸುಪಾಸು. ತಳಕ್ಕೆ ಪ್ಲೈವುಡ್. ಅರ್ಧ ಇಂಚು ಆಳ ಒಂದೇ ಸಲ ಸುರಿದೆ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ ಅಂತ ಓದಿದ್ದೆ, ಅಷ್ಟೊಂದು ಅಂತ ಅಂದುಕೊಂಡಿರಲಿಲ್ಲ. ಮುಟ್ಟಲಾಗದಷ್ಟು ಕಾದು ಹಳದಿ ತಿರುಗಿತು, ಕೆಳಗಿನ ಮಣ್ಣಿನಿಂದ ಗುಳ್ಳೆ ಎದ್ದವು, ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತು. ಅದನ್ನೇ ಆ ವರ್ಷ ಇಟ್ಟೆ. ಆಯುಧಪೂಜೆ ದಿನ ಊರಿನಿಂದ ದೊಡ್ಡಪ್ಪ ಬಂದಿದ್ದರು. ಗದ್ದೆ ಗೇದು ಬೆಳೆದವರು. ಬಗ್ಗಿ ನೋಡಿ, "ಇದೇನ್ ಮಗಾ, ಗದ್ದೆನಾ ಕೆರೆನಾ? ಇಷ್ಟು ನೀರು ಕಟ್ಟುದ್ರೆ ಪೈರು ಕೊಳ್ತೋಯ್ತದೆ" ಅಂದರು.

ಆ ರಾತ್ರಿ ಲೆಕ್ಕ ಹಾಕಿದೆ. ಅರ್ಧ ಇಂಚು ಅಂದರೆ ಅಲ್ಲಿ ಒಂದು ಅಡಿ ನೀರು! ಒಂದು ಅಡಿ ನೀರಲ್ಲಿ ಯಾರು ನಾಟಿ ಮಾಡುತ್ತಾರೆ? ನಾಟಿ ಗದ್ದೆಯಲ್ಲಿ ಇರುವುದು ಎರಡು ಇಂಚು ನೀರು. ನನ್ನ ಅಳತೆಯಲ್ಲಿ ಅದು 2 ಮಿಲಿಮೀಟರ್. ಆಳವನ್ನು ರೆಸಿನ್‌ನಿಂದ ತೋರಿಸಬೇಕಾಗಿಲ್ಲ, ಕೆಳಗಿನ ಕೆಸರಿನ ಬಣ್ಣ ತೋರಿಸುತ್ತದೆ. ಇಷ್ಟು ಗೊತ್ತಾದ ಮೇಲೆ ಅರ್ಧ ಕಷ್ಟ ಕಳೆಯಿತು. 2 ಮಿಲಿಮೀಟರ್ ಸುರಿದರೆ ಬಿಸಿಯಾಗಲ್ಲ, ಬಿರುಕು ಬಿಡಲ್ಲ, ಖರ್ಚೂ ಆರರಲ್ಲಿ ಒಂದು ಪಾಲು.

ಇನ್ನರ್ಧ ಕಷ್ಟ ಪೈರಿನದು. ಪ್ಲಾಸ್ಟಿಕ್ ಹುಲ್ಲು ಬೇಡವೇ ಬೇಡ, ಆ ಗಿಳಿಹಸಿರು ದೂರದಿಂದಲೇ ಗೊತ್ತಾಗುತ್ತದೆ. ಪೊರಕೆ ಕಡ್ಡಿ, ತೆಂಗಿನ ನಾರು, ಬ್ರಷ್ಷಿನ ಕೂದಲು ಎಲ್ಲ ನೋಡಿದೆ. ಕೊನೆಗೆ ಕೈ ಹಿಡಿದಿದ್ದು ಗೋಣಿ ಚೀಲದ ದಾರ. ಹುರಿ ಬಿಚ್ಚಿ, ಸೋಪು ನೀರಲ್ಲಿ ಕುದಿಸಿ ಎಣ್ಣೆ ಜಿಡ್ಡು ತೆಗೆದು, ಬಟ್ಟೆಗೆ ಹಾಕುವ ಹಸಿರು ಬಣ್ಣಕ್ಕೆ ಉಪ್ಪು ಸೇರಿಸಿ ಮತ್ತೆ ಕುದಿಸಬೇಕು. ಸೆಣಬಿನ ಕಂದು ಬಣ್ಣ ಒಳಗಿಂದ ಹಸಿರನ್ನು ಸ್ವಲ್ಪ ಮಂಕು ಮಾಡುತ್ತದೆ. ಆ ಮಂಕೇ ಬೇಕಾಗಿದ್ದು. ನಾಟಿ ಮಾಡಿದ ಮೊದಲ ವಾರ ಪೈರು ಎಲ್ಲಿ ಹಚ್ಚಗಿರುತ್ತದೆ? ಸೊರಗಿ ಹಳದಿ ತಿರುಗಿ, ತುದಿ ನೀರಿಗೆ ಬಾಗಿ ನಿಂತಿರುತ್ತದೆ ಅಲ್ವಾ. ಆ ಹಳದಿಗೆ ಅಂತ ಒಂದು ಸಲ ಅರಿಶಿನ ಹಾಕಿ ನೋಡಿದೆ. ಕಿಟಕಿ ಪಕ್ಕ ಇಟ್ಟಿದ್ದು ಒಂದು ತಿಂಗಳಲ್ಲಿ ಬಿಳಚಿಕೊಂಡಿತು. ಅರಿಶಿನಕ್ಕೆ ಬಿಸಿಲು ಆಗಲ್ಲ.

ಮೂರನೇ ವರ್ಷ ಪೈರು ನೆಟ್ಟು ರೆಸಿನ್ ಸುರಿದೆ, ಮತ್ತೆ ಕೆಟ್ಟಿತು. ಸೆಣಬು ದೀಪದ ಬತ್ತಿ ಇದ್ದ ಹಾಗೆ. ರೆಸಿನ್ ಒಂದೊಂದೇ ಎಳೆ ಹಿಡಿದು ಮೇಲಕ್ಕೆ ಏರಿತು, ಬೆಳಗ್ಗೆ ನೋಡಿದರೆ ಅಷ್ಟೂ ಪೈರು ಒದ್ದೆ ಕೂದಲ ಹಾಗೆ ಅಂಟಿ ಕಪ್ಪಾಗಿತ್ತು. ಸುರಿದದ್ದು ಆಗಸ್ಟ್ ಮಳೆಯಲ್ಲಿ ಬೇರೆ. ಥಂಡಿಗೆ ಮೇಲ್ಮೈ ಮಬ್ಬಾಗಿ, ಹದಿನೈದು ದಿನವಾದರೂ ಅಂಟು ಹೋಗಲಿಲ್ಲ. ಆ ಸಲ ನಿಜವಾಗಿ ಅತ್ತುಬಿಟ್ಟೆ. ಅಷ್ಟು ಪೈರು ಕೂಡಿಸಲು ನನಗೆ ಹನ್ನೊಂದು ರಾತ್ರಿ ಆಗಿತ್ತು.

ಗೆದ್ದ ಕ್ರಮ ಹೀಗೆ. ಜಾಲಿಸಿದ ಮಣ್ಣು, ಮರದ ಹೊಟ್ಟು, ಫೆವಿಕಾಲ್ ಕಲಸಿ ಪ್ಲೈವುಡ್ ಮೇಲೆ ಕೆಸರು ಹಾಸು. ಬರೀ ಜೇಡಿ ಹಾಕಿದರೆ ಒಣಗಿ ಸೀಳುತ್ತದೆ, ಹೊಟ್ಟು ಹಿಡಿದುಕೊಳ್ಳುತ್ತದೆ. ಮಣ್ಣನ್ನು ಹಳೇ ಬಾಣಲಿಯಲ್ಲಿ ಚೆನ್ನಾಗಿ ಹುರಿದೇ ಬಳಸಿ, ಇಲ್ಲದಿದ್ದರೆ ಗೆದ್ದಲು ಬರುತ್ತದೆ. ಹಾಸು ಅರ್ಧ ಒಣಗಿದಾಗ ಪೈರು ನೆಡಬೇಕು. ನಾಲ್ಕೈದು ಎಳೆ ಸೇರಿಸಿ ಒಂದು ಗುತ್ತಿ, ಬುಡಕ್ಕೆ ಫೆವಿಕಾಲ್ ಮುಟ್ಟಿಸಿ, ಟ್ವೀಜರ್‌ನಲ್ಲಿ ಚುಚ್ಚೋದು. ಗುತ್ತಿಯಿಂದ ಗುತ್ತಿಗೆ 8 ಮಿಲಿಮೀಟರ್, ಅರ್ಧ ಗದ್ದೆಗೆ ಸುಮಾರು 2000 ಗುತ್ತಿ. ನೀರಿನ ಮೇಲೆ ಕಾಣುವುದು ಮುಕ್ಕಾಲು ಸೆಂಟಿಮೀಟರ್ ಮಾತ್ರ. ಪೂರ್ತಿ ಒಣಗಿದ ಮೇಲೆ, ನೀರು ಬೆರೆಸಿದ ಫೆವಿಕಾಲನ್ನು ಸಣ್ಣ ಬ್ರಷ್ಷಿನಿಂದ ಪ್ರತಿ ಬುಡಕ್ಕೂ ಎರಡು ಸಲ ಹಚ್ಚಿ, ಕೆಸರಿನ ಮೇಲೆಲ್ಲ ವಾರ್ನಿಷ್ ಒಂದು ಕೈ. ಬುಡ ಮುಚ್ಚಿದರೆ ರೆಸಿನ್ ಏರಲ್ಲ, ಮಣ್ಣು ಮುಚ್ಚಿದರೆ ಗುಳ್ಳೆ ಬರಲ್ಲ. ಇಷ್ಟೇ ವಿಷಯ, ಇದಕ್ಕೆ ಮೂರು ವರ್ಷ! ಆಮೇಲೆ 2 ಮಿಲಿಮೀಟರ್ ರೆಸಿನ್, ಒಂದೇ ಸಲ, ಏಪ್ರಿಲ್ ತಿಂಗಳ ಒಣ ಬಿಸಿಲಿನ ದಿನ ನೋಡಿ. ಅಡಿಹಲಗೆ ಮಟ್ಟವಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ದಸರಾ ಕೆಲಸವನ್ನು ಏಪ್ರಿಲ್‌ನಲ್ಲೇ ಮುಗಿಸೋದು ನಾನು ಕಲಿತ ದೊಡ್ಡ ಪಾಠ.

ಆ ಕದಡಿದ ನೀರಿನ ಬಣ್ಣಕ್ಕೆ ರೆಸಿನ್‌ಗೆ ಒಂದು ಚಿಟಿಕೆ ಏನು ಬೆರೆಸುತ್ತೇನೆ ಅನ್ನೋದನ್ನ ಮಾತ್ರ ಬರೆಯಲ್ಲ. ಅಡುಗೆಮನೆಯಲ್ಲೇ ಇರುವ ವಸ್ತು, ಅರಿಶಿನ ಅಲ್ಲ.

ಹುಲ್ಲಿನ ಮೆದೆಗೂ ಇದೇ ಸೆಣಬು, ಬಣ್ಣ ಹಾಕದೆ. ಮೊದಲು ನಿಜವಾದ ಭತ್ತದ ಹುಲ್ಲನ್ನೇ ಸಣ್ಣಗೆ ಕತ್ತರಿಸಿ ಒಟ್ಟಿದ್ದೆ. ಕಡ್ಡಿ 3 ಮಿಲಿಮೀಟರ್ ದಪ್ಪ ಅಂದರೆ ಅಲ್ಲಿ ಏಳು ಸೆಂಟಿಮೀಟರ್, ಬಿದಿರು ಗಳ ಪೇರಿಸಿಟ್ಟ ಹಾಗೆ ಕಾಣುತ್ತಿತ್ತು. ಹೊಲದಿಂದ ತಂದ ಮಣ್ಣೂ ಹಾಗೇ, ತೆಳು ಪಂಚೆಯಲ್ಲಿ ಜಾಲಿಸದಿದ್ದರೆ ಪ್ರತಿ ಕಣವೂ ಕಲ್ಲಿನ ಹಾಗೆ ಕಾಣುತ್ತದೆ. ಅಚ್ಚುಕಟ್ಟಾಗಿ ಹೊಂದಿದ ನಿಜ ವಸ್ತು ನನಗೆ ಸಿಕ್ಕಿದ್ದು ಒಂದೇ, ಸಗಣಿ. ಒಕ್ಕಣೆ ಕಣ ಸಾರಿಸಿದ ಬಣ್ಣ ಯಾವ ಪೇಂಟಿನಿಂದಲೂ ಬರಲಿಲ್ಲ. ವಾರ ಬಿಸಿಲಿಗಿಟ್ಟು ಒಣಗಿಸಿ, ಪುಡಿ ಮಾಡಿ, ಜಾಲಿಸಿ, ಫೆವಿಕಾಲ್ ನೀರಲ್ಲಿ ಕಲಸಿ ಬೆರಳಿಂದ ಅರ್ಧ ಚಂದ್ರನ ಹಾಗೆ ಎಳೆದರೆ ಸಾರಿಸಿದ ಗೆರೆ ಸಮೇತ ಬರುತ್ತದೆ. ನಡುವೆ ಎತ್ತು ಕಟ್ಟುವ ಮೇಟಿ ಕಂಬ, ಪಕ್ಕದಲ್ಲಿ ತೆನೆ ಒಕ್ಕುವ ರೋಣಗಲ್ಲು.

ನೇಗಿಲು, ಗಾಡಿ, ರೋಣಗಲ್ಲಿನ ಅಳತೆಗೆ ಒಂದು ದಿನ ಪೂರ್ತಿ ರಾಮನಗರದ ಹತ್ತಿರ ನಾಗೇಗೌಡರು ಕಟ್ಟಿದ ಜಾನಪದ ಲೋಕ ವಸ್ತುಸಂಗ್ರಹಾಲಯದಲ್ಲಿ ಕಳೆದೆ. ಚಿತ್ರ ನೋಡಿ ಮಾಡಿದ ನೇಗಿಲಿಗೂ ಕಣ್ಣಾರೆ ನೋಡಿ ಮಾಡಿದ ನೇಗಿಲಿಗೂ ತುಂಬಾ ವ್ಯತ್ಯಾಸ. ಈಚಿನ (ನೊಗಕ್ಕೆ ಸೇರುವ ಉದ್ದ ಮರ) ಓರೆ, ಮೇಣಿ (ನೇಗಿಲ ಹಿಡಿಕೆ) ಹಿಡಿದು ಸವೆದ ಜಾಗ, ಇವೆಲ್ಲ ಚಿತ್ರದಲ್ಲಿ ಕಾಣಲ್ಲ.

ತೆಂಗಿನ ಮರ ಇನ್ನೂ ಪೂರ್ತಿ ಒಲಿದಿಲ್ಲ. ಲೆಕ್ಕದ ಪ್ರಕಾರ ಐವತ್ತು ಅಡಿ ಮರ ಅಂದರೆ ಎರಡು ಅಡಿಗೂ ಮೇಲೆ, ಇಟ್ಟರೆ ಪಟ್ಟದ ಗೊಂಬೆಗಳೇ ಮರೆಯಾಗುತ್ತವೆ. ಹಾಗಾಗಿ ಹಿಂದಿನ ಸಾಲಿನಲ್ಲಿ ಅಳತೆ ಕದ್ದು ಅರ್ಧ ಎತ್ತರ ಮಾಡಿದೆ, ದೂರ ಇದ್ದ ಹಾಗೆ ಕಾಣುತ್ತದೆ. ಗರಿಗೆ ಕೋಳಿ ಪುಕ್ಕ ಬಹಳ ಚೆಂದ ಹೊಂದುತ್ತದೆ, ಆದರೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಜಾಗಕ್ಕೆ ಅದು ಬರುವ ಹಾಗಿಲ್ಲ. ತಾಮ್ರದ ತಂತಿಗೆ ಕಾಗದ ಅಂಟಿಸಿ ಕತ್ತರಿಯಲ್ಲಿ ಸೀಳುತ್ತೇನೆ. ಬೆಳ್ಳಕ್ಕಿಗೆ ಕರ್ಬೂಜದ ಬೀಜ ಮೈ, ತಂತಿ ಕತ್ತು, ಒಂದಕ್ಕೆ ಹತ್ತು ನಿಮಿಷ. ಏಳು ಮಾಡಿದ್ದೆ, ಎಲ್ಲರೂ ಮೊದಲು ಕೇಳಿದ್ದು ಅದನ್ನೇ.

ದುಡ್ಡಿನ ವಿಷಯ. ಈಗ ಇಂಥ ಒಂದು ಗದ್ದೆಗೆ ಸಾಮಾನಿನ ಖರ್ಚು ಎರಡು ಸಾವಿರದ ಮುನ್ನೂರು, ನಾನೂರು. ಕೆಲಸ ಇಪ್ಪತ್ತು ಇಪ್ಪತ್ತೆರಡು ದಿನ, ದಿನಕ್ಕೆ ಮೂರು ಗಂಟೆ. ಹೋದ ವರ್ಷ ಒಂದು ರೆಸಾರ್ಟಿನವರು ಮೂರಡಿಯದು ಬೇಕು ಅಂತ ಹದಿನೆಂಟು ಸಾವಿರಕ್ಕೆ ಒಪ್ಪಿಕೊಂಡರು. ತಲುಪಿಸಿದ ಮೇಲೆ "ಹಸಿರು ಮಂಕಾಗಿದೆ" ಅಂತ ಹತ್ತೇ ಸಾವಿರ ಕೊಟ್ಟರು. ಆ ಮಂಕು ಬಣ್ಣಕ್ಕೇ ನಾನು ಅಷ್ಟು ಒದ್ದಾಡಿದ್ದು. ಈಗ ಅರ್ಧ ಮುಂಗಡ, ಬಣ್ಣದ ತುಂಡು ತೋರಿಸಿ ಒಪ್ಪಿಗೆ ಪಡೆದ ಮೇಲೇ ದಾರ ಕುದಿಸೋದು. ನಿಮ್ಮಲ್ಲಿ ಮಾರುವವರು ದಯವಿಟ್ಟು ಹೀಗೇ ಮಾಡಿ.

ಈ ಸಲವೂ ದೊಡ್ಡಪ್ಪ ಬಂದರು. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ಬಗ್ಗಿ ನೋಡಿದರು. ಬದುವಿನ ಪಕ್ಕ ಟೂತ್‌ಪಿಕ್‌ನಲ್ಲಿ ಏಡಿ ಬಿಲ ತೋಡಿ, ಬಾಯಲ್ಲಿ ಚೂರು ಹಸಿಮಣ್ಣು ಗುಡ್ಡೆ ಹಾಕಿದ್ದೆ. ಅದರ ಮೇಲೆ ಬೆರಳಿಟ್ಟು ನಕ್ಕರು. ನೀರು ಜಾಸ್ತಿ ಅನ್ನಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು. "ನೀರು ಎಲ್ಲಿಂದ ಬುಟ್ಟಿದ್ದೀಯ ಮಗಾ? ತೂಬೇ ಇಲ್ವಲ್ಲ."

ತೂಬು ಈಗ ಮಾಡುತ್ತಿದ್ದೇನೆ. ಖಾಲಿ ರೀಫಿಲ್ ಕೊಳವೆ ಒಂದು ಸೆಂಟಿಮೀಟರ್, ಸುತ್ತ ಕಲ್ಲಿನ ಚೂರು. ನೀರು ಬೀಳುವ ಕಡೆ ಅಲೆ ಏಳಬೇಕಲ್ವಾ, ಅದು ಇನ್ನೂ ಸರಿ ಬರುತ್ತಿಲ್ಲ.