ವೀರಗಲ್ಲಿನ ಮುಂದೆ 20 ನಿಮಿಷ

ನಮ್ಮ ತಾಲ್ಲೂಕಿನ ಪುಟ್ಟ ವಸ್ತುಸಂಗ್ರಹಾಲಯಕ್ಕೆ ನಾಲ್ಕು, ಐದನೇ ತರಗತಿಯ ಮಕ್ಕಳು ಬಂದಾಗ ನಾವು ಎಲ್ಲವನ್ನೂ ತೋರಿಸುವುದಿಲ್ಲ. ಸಾಲು ಹಿಡಿಸಿ ಇಡೀ ಕಟ್ಟಡ ಸುತ್ತಿಸಿದರೆ ಮರುದಿನ ಮಕ್ಕಳಿಗೆ ನೆನಪಿರುವುದು ಬಸ್ಸು, ಚಿತ್ರಾನ್ನ ಎರಡೇ. 40 ಮಕ್ಕಳಿದ್ದರೆ ಹತ್ತತ್ತರ ನಾಲ್ಕು ಗುಂಪು ಮಾಡಿ ವೀರಗಲ್ಲು, ಅಳತೆ, ಹಗ್ಗ, ಚಿತ್ರ ಬಿಡಿಸುವುದು ಎಂದು ನಾಲ್ಕು ಕಡೆ ಕೂರಿಸುತ್ತೇವೆ. ಒಂದೊಂದು ಕಡೆ 20 ನಿಮಿಷ.

ವೀರಗಲ್ಲಿನ ಮೇಲಿನ ಎರಡು ಹಂತಗಳಿಗೆ ಮೊದಲೇ ಬಟ್ಟೆ ಮುಚ್ಚಿರುತ್ತೇವೆ. ಪುಸ್ತಕ ಓದಿದ ರೂಢಿಗೆ ಮಕ್ಕಳು ಮೇಲಿನಿಂದ ನೋಡುತ್ತಾರೆ, ಆಗ ಕಥೆ ತಲೆಕೆಳಗಾಗುತ್ತದೆ. ಈ ಕಲ್ಲನ್ನು ಓದಬೇಕಾದ್ದು ಕೆಳಗಿನಿಂದ. ಕೆಳಗೆ ಕಾಳಗ. ದನಗಳಿವೆಯೇ? ಎಷ್ಟು? ಕೈಯಲ್ಲಿರುವುದು ಬಿಲ್ಲೋ ಕತ್ತಿಯೋ? ಇಷ್ಟು ಹೇಳಿದ ಮೇಲೆ ನಡುವಿನ ಬಟ್ಟೆ ತೆಗೆಯುತ್ತೇವೆ: ಕಾಳಗದಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಕೊನೆಗೆ ಶಿವಲಿಂಗ, ಅದರ ಮೇಲೆ ಸೂರ್ಯ ಚಂದ್ರ. ‘ಇವನು ಯಾವ ರಾಜ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ, ಹೆಚ್ಚಾಗಿ ಮೇಷ್ಟ್ರಿಂದಲೇ. ರಾಜನಲ್ಲ, ಊರಿನ ದನ ಬಿಡಿಸಲು ಹೋಗಿ ಸತ್ತವನು ಎಂದಾಗ ಮಕ್ಕಳು ಮತ್ತೆ ಕಲ್ಲಿನ ಹತ್ತಿರ ಬರುತ್ತಾರೆ. ನನ್ನ ಲೆಕ್ಕದಲ್ಲಿ ಆ ದಿನದ ಪಾಠ ಶುರುವಾಗುವುದೇ ಅಲ್ಲಿ.

ಅಕ್ಷರ ಕಾಣಬೇಕೆಂದರೆ ಕಿಟಕಿ ಮುಚ್ಚಿ, ದೀಪ ಆರಿಸಿ, ಟಾರ್ಚನ್ನು ಕಲ್ಲಿನ ಪಕ್ಕದಿಂದ, ಬೆಳಕು ಮೈ ಸವರಿಕೊಂಡು ಹೋಗುವಂತೆ ಹಿಡಿಯಬೇಕು. ಎದುರಿನಿಂದ ಬಿಟ್ಟರೆ ಒಂದಕ್ಷರವೂ ಏಳುವುದಿಲ್ಲ. ಹಿಟ್ಟು, ವಿಭೂತಿ, ಸೀಮೆಸುಣ್ಣ ತೀಡಲು ಯಾರನ್ನೂ ಬಿಡಬೇಡಿ. ಅದು ಕಲ್ಲಿನ ಸಂದಿಯಲ್ಲಿ ಕೂತುಬಿಡುತ್ತದೆ. ತೆಗೆಯಲೆಂದು ಉಜ್ಜಿದರೆ ಅಕ್ಷರದ ಅಂಚೇ ಸವೆಯುತ್ತದೆ. ಕಾಗದ ಇಟ್ಟು ಕ್ರೇಯಾನ್ ಉಜ್ಜುವ ಆಟಕ್ಕೆ ಸಿಮೆಂಟಿನ ಅಚ್ಚು ಬೇರೆಯೇ ಇಟ್ಟಿದ್ದೇವೆ.

ಅಳತೆಯ ಮೇಜಿನಲ್ಲಿ ಎರಡು ಕೆ.ಜಿ. ರಾಗಿ, ಒಂದು ಪಾವು, ಒಂದು ಸೇರು. ನಮ್ಮ ಕಡೆ ನಾಲ್ಕು ಪಾವಿಗೆ ಒಂದು ಸೇರು. ಆದರೆ ಮಕ್ಕಳ ಲೆಕ್ಕದಲ್ಲಿ ಮೂರೂವರೆಗೇ ತುಂಬಿಬಿಡುತ್ತದೆ, ಏಕೆಂದರೆ ಪಾವನ್ನು ಗೋಪುರ ಕಟ್ಟಿ ತುಂಬಿರುತ್ತಾರೆ. ಕೂಡಲೇ ತಿದ್ದಬೇಡಿ. ‘ನೀವು ಮಾರುವವರಾದರೆ ಹೇಗೆ ಅಳೆಯುತ್ತೀರಿ, ಕೊಳ್ಳುವವರಾದರೆ?’ ಎಂದು ಕೇಳಿ, ಆಮೇಲೆ ಅಂಚಿಗೆ ಸಮ ಮಾಡಿ ಅಳೆಸಿ. ಕೆಳಗೆ ಚಾಪೆ ಹಾಸಿರಲಿ.

ಹಗ್ಗದ್ದು ಕಾಲದ ಲೆಕ್ಕ, ಇಂದಿನಿಂದ ಹಿಂದಕ್ಕೆ ವರ್ಷಕ್ಕೆ ಒಂದು ಸೆಂ.ಮೀ. ಮಗುವಿನ ವಯಸ್ಸು ಒಂದು ಗೇಣಿಗೂ ಕಡಿಮೆ. 16 ಆಣೆಯ ರೂಪಾಯಿ ಹೋಗಿ 100 ಪೈಸೆಯ ರೂಪಾಯಿ ಬಂದ 1957 ಮೀಟರಿನ ಒಳಗೇ ಸಿಗುತ್ತದೆ, ಅಜ್ಜಿ ಹುಟ್ಟಿದ ವರ್ಷದ ಗುರುತಿನ ಪಕ್ಕದಲ್ಲಿ. ಕಿತ್ತೂರಿನ 1824 ಸುಮಾರು ಎರಡು ಮೀಟರು, ತಾಳಿಕೋಟೆ ಯುದ್ಧದ 1565 ನಾಲ್ಕೂವರೆ ದಾಟುತ್ತದೆ, ಹಲ್ಮಿಡಿ ಶಾಸನಕ್ಕೆ 15 ಮೀಟರಿಗೂ ಹೆಚ್ಚು ನಡೆಯಬೇಕು. ಒಳಗೆ ಜಾಗ ಸಾಲದು, ಅಂಗಳದಲ್ಲೇ ಮಾಡಿ. ಹತ್ತಿಯ ಹಗ್ಗ ಎಳೆದರೆ ಹಿಗ್ಗುತ್ತದೆ, ನೆಲದ ಮೇಲೆ ಸಡಿಲವಾಗಿ ಹಾಸಿ ಬಣ್ಣದ ಬಟ್ಟೆ ಕಟ್ಟಿ.

ಬರಲಾಗದ ಶಾಲೆಗೆ ಟ್ರಂಕು ಕಳಿಸುತ್ತೇವೆ, ಎರಡು ವಾರದ ಮಟ್ಟಿಗೆ. ಲಾಂದ್ರ, ಸ್ಲೇಟು, ಬಳಪ, ನಡುವೆ ತೂತಿರುವ 1940ರ ದಶಕದ ಕಾಸು, ಪಾವು, ಅದಕ್ಕಿಂತ ಚಿಕ್ಕ ಅಳತೆಯಾದ ಚಟಾಕು. ಒಡೆದರೂ ಕಳೆದರೂ ಇನ್ನೊಂದು ಸಿಗುವಂಥ ವಸ್ತುಗಳನ್ನಷ್ಟೇ ಹಾಕುವುದು. ಹೆಸರಿನ ಚೀಟಿಯ ಬದಲು ಪ್ರತಿ ವಸ್ತುವಿಗೂ ‘ಎಲ್ಲಿ ಸವೆದಿದೆ?’ ಎಂಬ ಒಂದೇ ಪ್ರಶ್ನೆ. ಮುಚ್ಚಳದ ಒಳಗೆ ವಸ್ತುಗಳ ಫೋಟೊ ಅಂಟಿಸಿದ ಮೇಲೆ ವಾಪಸು ಬಂದಾಗ ಎಣಿಸುವುದು ಸುಲಭವಾಗಿದೆ. ಆದರೂ ಚಟಾಕು ಆಗಾಗ ನಾಪತ್ತೆ. ಅದಕ್ಕೇ ಅಲಮಾರಿನಲ್ಲಿ ಮೂರು ಹೆಚ್ಚಿಗೆ ಇಟ್ಟಿರುತ್ತೇವೆ.