ಬಾಟಲಿಯಲ್ಲಿ ಸಿಕ್ಕ ಕಾರ್ಖಾನೆ ವಾಸನೆ

ನಾನು ವಿಜಯಪುರ ಜಿಲ್ಲೆಯವನು. ಮುಂಬೈ ಹತ್ತಿರದ ಒಂದು ಗೊಬ್ಬರ ಕಾರ್ಖಾನೆಯ ಅಮೋನಿಯಾ ಘಟಕದಲ್ಲಿ 22 ವರ್ಷ ಶಿಫ್ಟ್ ಡ್ಯೂಟಿ ಮಾಡಿದ್ದೇನೆ. ಮನೆ ಚೆಂಬೂರಿನಲ್ಲಿ. ಊರಲ್ಲಿ ಹೊಲ ನೋಡಿಕೊಳ್ಳುವವನು ತಮ್ಮ.

ಒಂದು ಸಲ ರಜೆಗೆ ಹೋದಾಗ ಅವನು ಗೋವಿನಜೋಳಕ್ಕೆ ಯೂರಿಯಾ ಎರಚುತ್ತಿದ್ದ. ಹಸಿ ಎರೆಮಣ್ಣು, ಮೇಲೆ ಬಿಸಿಲು, ಬಿಳಿ ಕಾಳು ಹಾಗೇ ನೆಲದ ಮೇಲೆ ಬಿದ್ದಿತ್ತು. ನೋಡಿ ಸಂಕಟವಾಯಿತು.

ಯಾಕಂದರೆ ಬೆಳೆಗೆ ಸಾರಜನಕ ಕೊಡುವ ಆ ಯೂರಿಯಾ ಮಾಡುವ ಕಷ್ಟ ನನಗೆ ಗೊತ್ತು. ಗಾಳಿಯ ನೂರು ಭಾಗದಲ್ಲಿ 78 ಭಾಗ ಸಾರಜನಕವೇ, ಆದರೆ ಜೋಳದ ಬೇರಿಗೆ ಅದು ದಕ್ಕುವುದಿಲ್ಲ. ಮೊದಲು ನೈಸರ್ಗಿಕ ಅನಿಲದಲ್ಲಿರುವ ಗಂಧಕ ತೆಗೆಯಬೇಕು, ಆಮೇಲೆ ಹಬೆ ಸೇರಿಸಿ ರಿಫಾರ್ಮರ್ ಅನ್ನುವ ಕುಲುಮೆಯಲ್ಲಿ ಸುಮಾರು 800 ಡಿಗ್ರಿಗೆ ಕಾಯಿಸಿ ಜಲಜನಕ ಪಡೆಯಬೇಕು, ಅದಕ್ಕೆ ಗಾಳಿಯ ಸಾರಜನಕ ಕೂಡಿಸಿ ಕಂಪ್ರೆಸರ್‌ನಲ್ಲಿ ಒತ್ತಿ ಕಬ್ಬಿಣದ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ತುಂಬಿದ ಕನ್ವರ್ಟರ್ ಅನ್ನುವ ಪಾತ್ರೆಗೆ ಬಿಡಬೇಕು. ಒಳಗೆ 400ರಿಂದ 500 ಡಿಗ್ರಿ, ಒತ್ತಡ ಹೊರಗಿನ ಗಾಳಿಗಿಂತ ನೂರೈವತ್ತು ಪಟ್ಟಿಗೂ ಜಾಸ್ತಿ. ಇಷ್ಟಾದರೂ ಒಂದು ಸುತ್ತಿನಲ್ಲಿ ಐದರಲ್ಲಿ ಒಂದು ಪಾಲು ಅಮೋನಿಯಾ ಆದರೆ ಹೆಚ್ಚು. ಅದನ್ನು ತಂಪು ಮಾಡಿ ತೆಗೆದು, ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುತ್ತೇವೆ. ಜರ್ಮನಿಯ ಒಪ್ಪಾವ್‌ನಲ್ಲಿ 1913ರಲ್ಲಿ ಶುರುವಾದ ಹೇಬರ್-ಬಾಷ್ ವಿಧಾನ ಇದೇ. ಘಟಕ ಒಮ್ಮೆ ನಿಂತಿತು ಅಂದರೆ ಮತ್ತೆ ಬಿಸಿಯೇರಿಸಿ ಹದಕ್ಕೆ ತರುವವರೆಗೆ ನಮಗೆ ನಿದ್ದೆ ಇರುತ್ತಿರಲಿಲ್ಲ.

ಆ ಅಮೋನಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಯೂರಿಯಾ. ಮಣ್ಣಿಗೆ ಬಿದ್ದ ಮೇಲೆ ಅಲ್ಲಿನ ಯೂರಿಯೇಸ್ ಅನ್ನುವ ಕಿಣ್ವ ಅದನ್ನು ಒಡೆದು ಮತ್ತೆ ಅಮೋನಿಯಾ ಮಾಡುತ್ತದೆ. ನಮ್ಮ ಎರೆಮಣ್ಣು ಕ್ಷಾರದ್ದು. ಅಂಥ ಮಣ್ಣಿನಲ್ಲಿ ಗೊಬ್ಬರ ಮೇಲೆಯೇ ಬಿದ್ದಿದ್ದರೆ ಆ ಅಮೋನಿಯಾ ಸುಮ್ನೆ ಗಾಳಿಗೆ ಹೋಗುತ್ತದೆ.

ತಮ್ಮ ಒಪ್ಪಲಿಲ್ಲ. "ಬೇವಿನೆಣ್ಣಿ ಹಚ್ಚಿದ ಗೊಬ್ಬರ ಅಣ್ಣಾ, ಹಾರಂಗಿಲ್ಲ" ಅಂದ. ಬೇವಿನ ಲೇಪನ ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಮಣ್ಣಿನಲ್ಲಿ ಅಮೋನಿಯಾ ಬದಲಾಗಿ ನೈಟ್ರೇಟ್ ಅನ್ನುವ ಇನ್ನೊಂದು ರೂಪಕ್ಕೆ ಬರುವುದನ್ನು ನಿಧಾನ ಮಾಡುತ್ತದೆ, ಹಾರುವುದನ್ನು ತಡೆಯುವುದು ಅದರ ಕೆಲಸ ಅಲ್ಲ.

ವಾದ ಬಿಟ್ಟು ಉಪ್ಪಿನಕಾಯಿಯ ಎರಡು ಖಾಲಿ ಬಾಟಲಿ ತೊಳೆದೆ. ಎರಡಕ್ಕೂ ಅದೇ ಹೊಲದ ಹಸಿ ಮಣ್ಣು. ಒಂದರಲ್ಲಿ ಒಂದು ಚಮಚ ಯೂರಿಯಾ ಮೇಲೆ ಉದುರಿಸಿದೆ, ಇನ್ನೊಂದರಲ್ಲಿ ಅಷ್ಟೇ ಯೂರಿಯಾ ಹಾಕಿ ನಾಲ್ಕು ಬೆರಳು ಮಣ್ಣು ಮುಚ್ಚಿದೆ. ಮುಚ್ಚಳ ಬಿಗಿದು ನೆರಳಲ್ಲಿಟ್ಟೆ. ಮೂರನೇ ದಿನ ಮೊದಲನೆಯದರ ಮುಚ್ಚಳ ತೆಗೆದವನೇ ತಮ್ಮ ಮುಖ ಹಿಂದಕ್ಕೆಳೆದ. "ನಿನ್ನ ಡ್ಯೂಟಿ ಬಟ್ಟಿ ವಾಸನಿ ಬರ್ತೈತಲ್ಲ ಅಣ್ಣಾ!" ಇನ್ನೊಂದರಲ್ಲಿ ಮಣ್ಣಿನ ವಾಸನೆಯೇ ಜಾಸ್ತಿ ಇತ್ತು.

ಮುಂದಿನ ವರ್ಷ ಸಾಲಿನ ಪಕ್ಕದಲ್ಲಿ ಗೊಬ್ಬರ ಹಾಕಿ ಅದೇ ದಿನ ಎಡೆ ಹೊಡೆದು ಮುಚ್ಚಿದೆವು. ಎರಡು ಸಲ ಹಾಕುತ್ತಿದ್ದುದನ್ನು ಮೂರು ಸಲಕ್ಕೆ ಹಂಚಿದೆವು. ಹೋಲಿಸಿ ನೋಡೋಣ ಅಂತ ಎಂಟು ಸಾಲು ಮಾತ್ರ ಹಳೆಯ ರೀತಿ ಬಿಟ್ಟೆವು. ಅವುಗಳ ಕೆಳಗಿನ ಎಲೆ ತುದಿಯಿಂದ ನಡುನರದ ಉದ್ದಕ್ಕೆ ಮೊದಲು ಹಳದಿಯಾಯಿತು. ಅದು ಸಾರಜನಕ ಸಾಲದ ಗುರುತು.

ಪಕ್ಕದ ಹೊಲದವರೂ ಈಗ ಬಾಟಲಿ ಇಡುತ್ತಾರೆ. ನೀವೂ ಮಾಡುವುದಾದರೆ ಬಾಯಿಗೇ ಮೂಗು ಹಚ್ಚಬೇಡಿ. ಬಾಟಲಿ ದೂರ ಹಿಡಿದು ಕೈಯಿಂದ ಬೀಸಿಕೊಂಡು ಮೂಸಿ, ಕಣ್ಣು ಉರಿದರೆ ತಕ್ಷಣ ಮುಚ್ಚಿ, ನೀರಿನಿಂದ ಕಣ್ಣು ತೊಳೆಯಿರಿ.